ಹದಿನಾಲ್ಕು ಮನೆಯ ಉಪ್ಪು

ಸದಾಶಿವ ಪೇಠ

ನಮ್ಮ ಶಾಲೆಯ ಗೋಡೆಗೆ ತೂಗುಹಾಕಿದ ಹಿಂದೂಸ್ಥಾನದ ನಕಾಶೆಯಲ್ಲಿ ಧಾರವಾಡ ಗುಲಾಬಿ ಬಣ್ಣ, ಪುಣೆಯೂ ಗುಲಾಬಿ ಬಣ್ಣ. ಪುಣೆಯ ಕೆಳಗೆ ಹೆಬ್ಬೆರಳ ಉಗುರಿನಷ್ಟು ಹಳದಿ ಇದೆ. ಅದು ಭೋರ್ ಸಂಸ್ಥಾನ. ಗುಲಾಬಿಯೆಲ್ಲ ಇಂಗ್ರೇಜರದು, ಹಳದಿಯೆಲ್ಲ ರಾಜರದು ಎಂದು ನಾನೇ ವರ್ಷಗಟ್ಟಲೆ ಹುಡುಗರಿಗೆ ಬೆತ್ತ ಹಿಡಿದು ತೋರಿಸಿದ್ದೇನೆ. ಆ ಹಳದಿಯೊಳಗೆ ನಾನೇ ಒಂದು ದಿನ ಕಾಲಿಡುತ್ತೇನೆಂದು ಅಂದುಕೊಂಡಿರಲಿಲ್ಲ.

ಇದಕ್ಕೆ ಕಾರಣ ನಮ್ಮ ಹೆಡ್‌ಮಾಸ್ತರರು. ಅವರು ಒಮ್ಮೆ ವಿಲಾಯತಿಗೆ ಹೋಗಿ ಬಂದವರು. ಮಧ್ಯಾಹ್ನದ ಚಹಾ ಬಂದೊಡನೆ "ನಾನು ಹಡಗಿನಲ್ಲಿದ್ದಾಗ" ಎಂದು ಶುರುಮಾಡುತ್ತಿದ್ದರು. ನಮ್ಮ ಚಹಾ ಆರಿ ತಣ್ಣಗಾದರೂ ಅವರ ಹಡಗು ಏಡನ್ ದಾಟುತ್ತಿರಲಿಲ್ಲ. ಹೇಳಲು ನನ್ನಲ್ಲಿಯೂ ಒಂದು ಪರದೇಶದ ಕಥೆ ಇದ್ದಿದ್ದರೆ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳೇಕೆ ಹೇಳಲಿ, ಅದು ಬರೀ ಹೊಟ್ಟೆಕಿಚ್ಚು.

ಆ ವರ್ಷ ನಾತಾಳದ, ಎಂದರೆ ಕ್ರಿಸ್‌ಮಸ್ಸಿನ, ಸೂಟಿಯಲ್ಲಿ ಪುಣೆಯ ಸದಾಶಿವ ಪೇಠಿನಲ್ಲಿದ್ದ ಅಕ್ಕನ ಮನೆಗೆ ಹೋದೆ. ಭಾವ ಅಲ್ಲಿಯ ಒಂದು ಕಚೇರಿಯಲ್ಲಿ ಕಾರಕೂನರು. ವಾಡೆಯ ಮಾಳಿಗೆಯಲ್ಲಿ ಎರಡು ಖೋಲಿ, ಕೆಳಗೆ ಹದಿನೆಂಟು ಮನೆಯವರಿಗೆ ಒಂದೇ ನಳ. ಹೆಡ್‌ಮಾಸ್ತರರಿಂದಾದ ಸಂಕಟವನ್ನು ಭಾವನ ಮುಂದೆ ತೋಡಿಕೊಂಡೆ. ಅವರು ನಶ್ಯ ಏರಿಸಿ ನಕ್ಕರು.

"ಪರದೇಶ ಬೇಕೇನೋ ನಿನಗ? ಭೋರಿಗೆ ಹೋಗಿ ಬಾ. ಮುಂಜಾನೆ ಮೋಟಾರು ಹತ್ತಿದ್ರ ಊಟದ ಹೊತ್ತಿಗೆ ಪರರಾಜ್ಯದಾಗ ಇರ್ತಿ. ಅಲ್ಲಿ ರಾಜ ಬ್ಯಾರೆ, ಕಾಯಿದೆ ಬ್ಯಾರೆ, ಪೊಲೀಸರ ಪಗಡಿ ಸುದ್ದಾ ಬ್ಯಾರೆ ಅದ."

"ಅವರ ಮಾತು ಕೇಳಬ್ಯಾಡ, ಚಾಷ್ಟಿ ಮಾಡ್ಲಿಕ್ಕೆ ಹತ್ಯಾರ," ಎಂದು ಅಕ್ಕ ಒಳಗಿನಿಂದ ಕೂಗಿದಳು. ಆದರೆ ಮರುದಿನ ನಸುಕಿನಲ್ಲಿ ಎದ್ದು ಚಪಾತಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿ ನನ್ನ ಚೀಲದಲ್ಲಿಟ್ಟವಳೂ ಅವಳೇ.

ಕಾತ್ರಜ ಘಾಟ್

ನಮ್ಮ ಕಡೆ ಮೋಟಾರು ಕೆಟ್ಟರೆ ಜನ ಕೆಳಗಿಳಿದು ಮರದ ನೆರಳು ಹುಡುಕಿ ಬುತ್ತಿ ಬಿಚ್ಚುತ್ತಾರೆ. ಪುಣೆಯವರು ಹಾಗಲ್ಲ. ಘಾಟಿನ ಮೂರನೆಯ ತಿರುವಿನಲ್ಲಿ ಇಂಜಿನ್ನು ಕುದಿಯತೊಡಗಿದಾಗ ಎಲ್ಲರೂ ಇಳಿದು ಡ್ರೈವರನ ಸುತ್ತ ನಿಂತರು. ಒಬ್ಬರು ನೀರು ಹಾಕು ಎಂದರು, ಇನ್ನೊಬ್ಬರು ಈಗಲೇ ಹಾಕಿದರೆ ಸೀಳುತ್ತದೆ ಎಂದರು, ಮೂರನೆಯವರು ಇಬ್ಬರೂ ತಪ್ಪು ಎಂದು ಸಾಧಿಸಿ ತೋರಿಸಿದರು. ಡ್ರೈವರ್ ಮಾತ್ರ ಬೀಡಿ ಸೇದುತ್ತ ಕೂತಿದ್ದ. ಚರ್ಚೆ ಮುಗಿಯುವ ಹೊತ್ತಿಗೆ ಇಂಜಿನ್ನು ತಾನಾಗಿ ತಣ್ಣಗಾಗಿತ್ತು.

ಘಾಟು ಇಳಿದು ಬಹಳ ದೂರ ಹೋದ ಮೇಲೆ ಒಂದು ನಾಕಾ ಬಂತು. ಇಲ್ಲಿಂದ ಭೋರ್ ಸರಹದ್ದು ಎಂದರು. ನಾನು ಕೋಟಿನ ಗುಂಡಿ ಹಾಕಿಕೊಂಡು ನೆಟ್ಟಗೆ ಕೂತೆ. ಸಿಪಾಯಿ ಬಾಗಿಲಲ್ಲಿ ತಲೆ ತೂರಿಸಿ, "ತಂಬಾಕು ಐತೇನ್ರಿ ಯಾರ ಹಂತೇಕರ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೋಗಿಬಿಟ್ಟ. ನನ್ನ ಪರದೇಶ ಪ್ರವೇಶ ಇಷ್ಟರಲ್ಲಿ ಮುಗಿಯಿತು.

ಅಂದಹಾಗೆ, ಅಲ್ಲಿಯವರು ಆಡಿದ್ದೆಲ್ಲ ಮರಾಠಿ. ನಾನಿಲ್ಲಿ ನಮ್ಮ ಕಡೆಯ ಮಾತಿಗೆ ತಿರುಗಿಸಿ ಬರೆಯುತ್ತಿದ್ದೇನೆ.

ಹೊಳೆದಂಡೆ

ಭೋರ್ ಇನ್ನೂ ಎರಡು ಹರದಾರಿ ಇರುವಾಗ ಮೋಟಾರು ಮತ್ತೆ ನಿಂತಿತು. ದಾರಿಯ ಬದಿಗೇ ಒಂದು ಹೊಳೆ. ಅದು ಕೆಳಗೆ ಹೋಗಿ ನೀರಾ ನದಿಯನ್ನು ಸೇರುತ್ತದಂತೆ. ಮಳೆಗಾಲದ ನೀರು ಇಳಿದು, ಪಾತ್ರದ ತುಂಬ ಮರಳು ಮೆಕ್ಕಲು ಹರಡಿಕೊಂಡು, ಆಚೆ ಬದಿಗೆ ಮಾತ್ರ ತಿಳಿನೀರು ಹರಿಯುತ್ತಿತ್ತು. ಮುಖ ತೊಳೆಯೋಣವೆಂದು ಇಳಿದೆ.

ದಂಡೆಯ ಮೇಲೆ ಒಂದು ಗುಡಿಸಲು. ಅದರ ಮುಂದೆ ಅರವತ್ತು ದಾಟಿದ ಮುದುಕಿಯೊಬ್ಬಳು ಸಜ್ಜೆಯ ಭಾಕರಿ ಬಡಿಯುತ್ತಿದ್ದಳು. ನಮ್ಮವರು ರೊಟ್ಟಿಯನ್ನು ಕಾಗದದಷ್ಟು ತೆಳ್ಳಗೆ ಬಡಿದು ಹೆಮ್ಮೆಪಡುತ್ತಾರೆ. ಅವಳ ಭಾಕರಿ ನನ್ನ ಕಿರುಬೆರಳಿನಷ್ಟು ದಪ್ಪವಿತ್ತು. ಆದರೆ ಆ ವಾಸನೆಗೆ ನನ್ನ ಹೊಟ್ಟೆ ಅವಳಿಗೂ ಕೇಳುವ ಹಾಗೆ ಗುರ್ ಎಂದಿತು.

"ಕೂಡ್ರಿ ಪಾವಣೆ," ಎಂದಳು. ಪಾವಣೆ ಎಂದರೆ ಅತಿಥಿ. "ಆ ಮೋಟಾರು ಕೆಟ್ಟಿತಂದ್ರ ಅರ್ಧಾ ದಿನ. ನಮಗ ಗೊತ್ತೈತಿ."

ಭಾಕರಿ, ಅದರ ಮೇಲೆ ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಉಪ್ಪು ಹಾಕಿ ಕುಟ್ಟಿದ ಠೇಚಾ. ಮಡಿ ಮೈಲಿಗೆ ಎಂದು ಮನೆಯಲ್ಲಿ ಕಲಿತದ್ದೆಲ್ಲ ಮೊದಲ ತುತ್ತಿಗೇ ಮರೆತುಹೋಯಿತು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಆದರೂ ಒಂದೂವರೆ ಭಾಕರಿ ತಿಂದೆ.

ಅವಳ ಹೆಸರು ಭಾಗೂಬಾಯಿ, ಊರಿಗೆಲ್ಲ ಭಾಗೂ ಆಜಿ. ಅವಳ ಸೊಂಟದಲ್ಲಿ ಸೀರೆಯೊಳಗೆ ಸಿಕ್ಕಿಸಿದ ಒಂದು ಗಂಟು ಇತ್ತು. ಎಲೆಅಡಿಕೆಯ ಸಂಚಿಯೇ ಎಂದು ಕೇಳಿದೆ. ಅವಳು ಬಾಯ್ತುಂಬ ನಕ್ಕು ಗಂಟಿನ ಬಾಯಿ ಸಡಿಲಿಸಿ ತೋರಿಸಿದಳು. ಒದ್ದೆ ಅರಿವೆಯೊಳಗೆ ಕಲ್ಲಂಗಡಿ ಬೀಜಗಳು. ಒಂದೊಂದರ ತುದಿಯಲ್ಲೂ ಬಿಳಿಯ ಮೊಳಕೆ.

"ಮೂರು ದಿನ ಮೈಕಾವಿನಾಗ ಇಟ್ಟಿದ್ದೀನಿ. ಇವತ್ತ ಊರಬೇಕು. ನಾಳಿಗೆ ಮೊಳಕಿ ಉದ್ದ ಆಗಿ ಮುರೀತಾವ."

ಅಲ್ಲಿಯ ಪದ್ಧತಿಯನ್ನು ಅವಳೇ ಹೇಳಿದಳು. ಹೊಳೆಯ ಪಾತ್ರ ಯಾರ ಆಸ್ತಿಯೂ ಅಲ್ಲ. ಪ್ರತಿ ಮಳೆಗಾಲದಲ್ಲಿ ಪ್ರವಾಹ ಬಂದು ಬದುಗಳನ್ನೆಲ್ಲ ಅಳಿಸಿ ಹೋಗುತ್ತದೆ. ನೀರು ಇಳಿದ ಮೇಲೆ ದಂಡೆಯ ಹದಿನಾಲ್ಕು ಮನೆಯವರು ಹಗ್ಗ ಹಿಡಿದು ಹೊಸದಾಗಿ ಹದಿನಾಲ್ಕು ಪಾಲು ಮಾಡುತ್ತಾರೆ. ಮೇಲಿನ ಪಾಲಿನಲ್ಲಿ ಮೊಳಕಾಲುದ್ದ ಮೆಕ್ಕಲು, ಕೆಳಗೆ ಹೋದಂತೆ ಮರಳು, ಕೊನೆಯ ಪಾಲಿನಲ್ಲಿ ಬರೀ ಗುಂಡುಕಲ್ಲು. ಆ ಕೊನೆಯ ಪಾಲಿಗೆ ಬಾಲ ಎನ್ನುತ್ತಾರೆ.

"ಮೂರು ವರ್ಷಾತು, ನನಗ ಬಾಲನ ಬರತೈತಿ," ಎಂದಳು. "ಮನಿ ಯಜಮಾನ್ರು ತೀರಿದ ಮ್ಯಾಲೆ ಎತ್ತೂ ಮಾರಿದೆ. ಈ ಸಲ ಒಂದು ಚಲೋ ಪಾಲು ಬಂದ್ರ ಮತ್ತ ಒಂದು ಎತ್ತು ಕಟ್ಟತೀನಿ. ಎತ್ತಿಲ್ಲದ ಅಂಗಳ ಭಾಳ ಸುಮ್ಮಗಿರತೈತಿ ಪಾವಣೆ."

ಆಗಲೇ ಮೇಲೆ ದಾರಿಯಲ್ಲಿ ಇಂಜಿನ್ನಿನ ಸದ್ದಾಯಿತು. ಚಪ್ಪಲಿ ಕೈಯಲ್ಲಿ ಹಿಡಿದು, ಧೋತರ ಎತ್ತಿ ಓಡಿದೆ. ಮರಳಿನಲ್ಲಿ ಓಡುವುದು ಕನಸಿನಲ್ಲಿ ಓಡಿದ ಹಾಗೆ. ದಾರಿಗೆ ಬರುವಷ್ಟರಲ್ಲಿ ಧೂಳು ಮಾತ್ರ ಉಳಿದಿತ್ತು. ಅಕ್ಕನ ಬುತ್ತಿಯೊಂದಿಗೆ ನನ್ನ ಚೀಲ ನನಗಿಂತ ಮೊದಲೇ ಭೋರ್ ನೋಡಲು ಹೋಗಿತ್ತು. ಮುಂದಿನ ಮೋಟಾರು ನಾಳೆ.

ಮಡಕೆಯ ಬಾಯಿ

ದಾರಿಯಲ್ಲಿ ಪೆಚ್ಚಾಗಿ ನಿಂತ ನನ್ನನ್ನು ನಾಲ್ಕೈದು ಜನ ಬಂದು ಸುತ್ತುಗಟ್ಟಿದರು. ಅವರ ಮುಂದಾಳು ಆ ಊರ ಪಾಟೀಲ. ಬಿಳಿ ಮೀಸೆ, ಕೆಂಪು ಮುಂಡಾಸು. ಯಾವ ಊರು, ಇಲ್ಲಿ ನೆಂಟರು ಇದ್ದಾರೆಯೇ, ಮೊದಲು ಬಂದದ್ದುಂಟೇ ಎಂದು ವಿಚಾರಿಸಿದ. ನಾನು ಧಾರವಾಡದ ಕಡೆಯವನು, ಕನ್ನಡ ಶಾಲೆಯ ಮಾಸ್ತರ, ಇಲ್ಲಿಯ ಒಂದು ನಾಯಿಯೂ ನನಗೆ ಪರಿಚಯವಿಲ್ಲ ಎಂದೆ. ಅದನ್ನು ಕೇಳಿ ಅವನ ಮುಖ ಅರಳಿತು.

"ಕಾನಡಿ ಮನಷಾ! ದೇವರ ಕಳಿಸಿದಂಗಾತು!"

ಪುಣೆಯಲ್ಲಿ ನನ್ನ ಮರಾಠಿ ಕೇಳಿ 'ಕಾನಡಿ' ಎಂದು ನಕ್ಕವರು ಬಹಳ. ಅದೇ ಮಾತನ್ನು ಕೇಳಿ ಕುಣಿದಾಡಿದವರು ಇವರು ಮಾತ್ರ. ಕಾರಣವನ್ನು ಪಾಟೀಲ ಹೊಳೆಗೆ ಇಳಿಯುತ್ತ ಹೇಳಿದ.

"ನಮ್ಮ ಮುತ್ಯಾನ ಮುತ್ಯಾನ ಕಾಲದಾಗ ಪಾಲು ಹಂಚೋರು ಪಾಟೀಲರ ಆಗಿದ್ರು. ವರ್ಷಾ ವರ್ಷಾ ಮ್ಯಾಲಿನ ಪಾಲು ಪಾಟೀಲರ ಮನಿಗೇ ಬರ್ತಿತ್ತು. ನಮ್ಮ ಮನಿ ಮಾತ ನಾನ ಹೇಳಾಕತ್ತೀನಿ, ನಾಚಿಕಿ ಇಲ್ಲ. ಒಂದು ವರ್ಷ ಕುಡಗೋಲು ಎದ್ದು, ಹೊಳಿಯಾಗ ರಗತ ಹರೀತು. ಆವತ್ತ ನಿಮ್ಮ ಕಡಿಯಿಂದ ಕಂಬಳಿ ಮಾರಕೋತ ಒಬ್ಬಾವ ಬಂದಿದ್ದ. ಹಿರೇರು ಅವನ ಕಾಲಿಗೆ ಬಿದ್ದು, 'ನಿನಗ ಯಾರೂ ಬೇಕಾದವ್ರಲ್ಲ, ಬ್ಯಾಡಾದವ್ರಲ್ಲ, ನೀನ ಪಾಲು ಎತ್ತಿ ಕೊಡಪಾ' ಅಂದ್ರು. ಅವತ್ತಿನಿಂದ ಪರದೇಶದವರ ಕೈನ ಆಗಬೇಕು. ಈ ಊರ ನೀರು ಕುಡಿದ್ರ ನಡೀತೈತಿ. ಉಪ್ಪು ತಿಂದಿರಬಾರದು."

ಪ್ರತಿ ವರ್ಷ ಬರುತ್ತಿದ್ದ ವ್ಯಾಪಾರಿಗಳ ಮುಖಗಳೆಲ್ಲ ಈಗ ಪರಿಚಯದವಾಗಿದ್ದವು. ಮೋಟಾರಿನಲ್ಲಿ ಬರುವವರೆಲ್ಲ ಭೋರಿನ ನೆಂಟರು. ಎರಡು ದಿನದಿಂದ ದಾರಿ ಕಾಯುತ್ತಿದ್ದರಂತೆ. ಹೊಳೆಯಲ್ಲಿ ಹೆಂಗಸರು ಸಾಲಾಗಿ ಕೂತಿದ್ದರು, ಪ್ರತಿಯೊಬ್ಬರ ಸೊಂಟದಲ್ಲೂ ಒಂದೊಂದು ಗಂಟು.

ಹದಿನಾಲ್ಕು ಗೂಟ ನೆಟ್ಟಿದ್ದರು. ಮೊದಲ ಗೂಟದ ಬಳಿ ಅರಿವೆ ಮುಚ್ಚಿದ ಮಡಕೆ. ಒಂದೊಂದು ಮನೆಯವರು ಒಂದೊಂದು ಗುರುತು ಅದರೊಳಗೆ ಹಾಕಿರುತ್ತಾರೆ. ನಾನು ಮೇಲಿನಿಂದ ಕೆಳಗೆ ಒಂದೊಂದು ಗೂಟದ ಹತ್ತಿರ ನಿಂತು ಕಣ್ಣು ಮುಚ್ಚಿ ಒಂದೊಂದು ಗುರುತು ತೆಗೆಯಬೇಕು. ಯಾರ ಗುರುತೋ ಅವರ ಪಾಲು.

"ಮಾಸ್ತರ, ಹೊಳಿ ಮುಂದ ನಿಂತೀರಿ. ನಮ್ಮೂರಾಗ ಯಾರ ಉಪ್ಪರ ತಿಂದೀರೇನು?"

ಸುತ್ತ ನೋಡಿದೆ. ಭಾಗೂ ಆಜಿ ಅಲ್ಲಿರಲಿಲ್ಲ. ಇಲ್ಲವೆಂದರೆ ನನ್ನ ಹತ್ತಿರ ಒಂದು ಕಥೆ, ಹೌದೆಂದರೆ ದಾರಿಬದಿಯಲ್ಲಿ ಕೂತು ನಾಳೆಯ ಮೋಟಾರು ಕಾಯುವುದು. ಇಷ್ಟು ಜನರ ಬೀಜ ಹಾಳಾಗುತ್ತದಲ್ಲ ಎಂದು ಒಂದು ನೆಪವೂ ಕೂಡಲೇ ಒದಗಿ ಬಂತು. ನಿಜವಾಗಿ ನನ್ನ ಕಣ್ಣ ಮುಂದೆ ಇದ್ದದ್ದು ಹೆಡ್‌ಮಾಸ್ತರರ ಮುಖ.

"ಇಲ್ಲ. ನೀರು ಕುಡಿದಿದ್ದೇನೆ," ಎಂದೆ. ಹುಡುಗರಿಗೆ ಸತ್ಯವನ್ನೇ ನುಡಿಯಿರಿ ಎಂದು ಕಾಪಿ ಬರೆಸುವ ನಾನು.

ಕೈ ಹಾಕಿದೆ. ತಣ್ಣಗಿನ ಲೋಹದ ತುಂಡೊಂದು ಬೆರಳಿಗೆ ಸಿಕ್ಕಿತು. ತೆಗೆದು ನೋಡಿದರೆ ಎತ್ತಿನ ಕೊಂಬಿನ ತುದಿಗೆ ಹಾಕುವ ಹಿತ್ತಾಳೆ ಟೊಪ್ಪಿಗೆ. ಜನರೆಲ್ಲ ಹೋ ಎಂದು ಕೂಗಿದರು.

"ಭಾಗೂ ಆಜೀದು! ಮ್ಯಾಲಿನ ಪಾಲು ಭಾಗೂ ಆಜಿಗೆ!"

ದಂಡೆಯ ಮೇಲೆ ಗೊಬ್ಬರದ ಬುಟ್ಟಿ ಹೊತ್ತು ಇಳಿಯುತ್ತಿದ್ದ ಆಜಿ ಕೂಗು ಕೇಳಿ ಬುಟ್ಟಿಯನ್ನು ಅಲ್ಲೇ ಇಟ್ಟು ಓಡಿ ಬಂದಳು. ಮುಖವೆಲ್ಲ ನಗು. ಹೆಂಗಸರು ಅವಳ ಕೆನ್ನೆ ಸವರಿ ನೆಟಿಗೆ ಮುರಿದರು. ಆಮೇಲೆ ಅವಳು ಮಡಕೆಯ ಪಕ್ಕದಲ್ಲಿದ್ದ ನನ್ನನ್ನು ನೋಡಿದಳು.

"ಕೈ ಹಾಕಿದವ್ರು ಇವರೇನು?" ಎಂದಳು.

ಪಾಟೀಲ ಹೌದೆಂದ. ಅವಳು ನನ್ನ ಕೈಯಿಂದ ಟೊಪ್ಪಿಗೆ ತೆಗೆದುಕೊಂಡು ಹೆಬ್ಬೆರಳಿಂದ ಒಮ್ಮೆ ಉಜ್ಜಿದಳು. ಆಮೇಲೆ ಅದನ್ನು ಪಾಟೀಲನ ಕೈಗೆ ಕೊಟ್ಟಳು.

"ಇವ್ರು ನನ್ನ ಭಾಕರಿ ತಿಂದಾರ. ಠೇಚಾನೂ ತಿಂದಾರ."

ಎಲ್ಲರೂ ನನ್ನ ಕಡೆ ತಿರುಗಿದರು. ಜೀವನದಲ್ಲಿ ನನ್ನನ್ನು ಯಾರೂ ಅಷ್ಟು ಹೊತ್ತು ಸುಮ್ಮನೆ ನೋಡಿದ್ದಿಲ್ಲ. "ನನ್ನದು ತಪ್ಪಾಯಿತು. ಸುಳ್ಳು ಹೇಳಿದೆ. ಆಜಿಗೆ ಇದು ಗೊತ್ತಿರಲಿಲ್ಲ," ಎಂದೆ.

ಧೋಂಡಿಬಾ ಎಂಬ ಗಟ್ಟಿಮುಟ್ಟಾದ ರೈತ ಸಿಟ್ಟಿನಿಂದ ಮುಂದೆ ಬಂದ. "ಪರದೇಶದವ್ರಿಗೆ ಯಾಕ ಊಟಕ್ಕ ಹಾಕಿದಿ, ಆಜಿ?"

"ಹಸಿದು ಬಂದಿದ್ರು. ಹೊಟ್ಟಿ ಗುರ್ ಅಂತಿತ್ತು. ಅದಕ್ಕೂ ನಿನ್ನ ಕೇಳಬೇಕೇನು?"

ಪಾಟೀಲ ಟೊಪ್ಪಿಗೆಯನ್ನು ಬದಿಗಿಟ್ಟ. ಆಮೇಲೆ ಹೇಳಿದ: "ಉಳಿದ ಹದಿಮೂರು ಮನಿ ಉಪ್ಪು ಇವ್ರು ತಿಂದಿಲ್ಲ. ಹದಿಮೂರಕ್ಕ ಇವ್ರ ಕೈ ನಡೀತೈತಿ. ಉಪ್ಪು ಹಾಕಿದ ಮನೀದು ಕಡೀಕ." ಕಡೆಗೆ ಎಂದರೆ ಬಾಲ. ಗುಂಡುಕಲ್ಲು. ನಾಲ್ಕನೆಯ ವರ್ಷವೂ.

ನಾನು ಹದಿಮೂರು ಸಲ ಕೈ ಹಾಕಿದೆ. ಮೇಲಿನ ಪಾಲು ಧೋಂಡಿಬಾನಿಗೆ ಹೋಯಿತು. ನಾನು ಯಾರ ಮುಖವನ್ನೂ ನೋಡಲಿಲ್ಲ.

ಬಾಲ

ಎಲ್ಲರೂ ತಮ್ಮ ತಮ್ಮ ಪಾಲಿನಲ್ಲಿ ಗುಣಿ ತೋಡತೊಡಗಿದರು. ಆಜಿ ಬಾಲದಲ್ಲಿ ಕಲ್ಲು ಆಯುತ್ತಿದ್ದಳು. ಕೋಟು ಬಿಚ್ಚಿ ಗೂಟಕ್ಕೆ ನೇತುಹಾಕಿ ನಾನೂ ಆಯತೊಡಗಿದೆ. ಅವಳು ಬೇಡವೆನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೇಳಿಯೇಬಿಟ್ಟೆ.

"ಆಜಿ, ನೀವು ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎತ್ತು ಬರುತ್ತಿತ್ತಲ್ಲ?"

"ಮಾಸ್ತರ, ನಾ ಗಂಡನಿಲ್ಲದಾಕಿ. ಮಗ ಇಲ್ಲ, ಮೈದುನ ಇಲ್ಲ. ಆ ಧೋಂಡಿಬಾನ ತೋಳ ನೋಡೀರಿಲ್ಲೋ? ಹಗ್ಗ ಹಿಡಿದು ಜಗ್ಗಾಟ ಆಡಿದ್ರ ನನಗ ಈ ಬಾಲಾನೂ ಸಿಗೂದಿಲ್ಲ. ಮಡಕಿ ಐತಿ ಅಂತ ನನಗೊಂದು ಪಾಲೈತಿ. ಒಂದು ಎತ್ತಿನ ಆಸೇಕ ಆ ಮಡಕೀನ ಒಡೀಲೇನು?"

ಇಷ್ಟು ಹೇಳಿ ಮತ್ತೆ ಕಲ್ಲು ಆಯಲು ಬಗ್ಗಿದಳು. ನನಗೆ ಬಹಳ ನಾಚಿಕೆಯಾಯಿತು. ನನ್ನ ಇಪ್ಪತ್ತು ವರ್ಷದ ಮಾಸ್ತರಿಕೆಯಲ್ಲಿ ಇಷ್ಟು ಸರಳವಾಗಿ ನಾನು ಯಾವ ಪಾಠವನ್ನೂ ಹೇಳಿಕೊಟ್ಟಿಲ್ಲ.

ಹೊತ್ತು ಇಳಿಯುವಾಗ ಧೋಂಡಿಬಾ ಬಂದ. ಇನ್ನೂ ಸಿಟ್ಟಿನಲ್ಲೇ ಇದ್ದ. ತನ್ನ ಪಾಲಿನ ಮೆಕ್ಕಲನ್ನು ಒಂದು ಬುಟ್ಟಿ ತುಂಬ ತಂದು ಆಜಿಯ ಗುಣಿಗೆ ಸುರಿದು ಹೋದ. ಮತ್ತೆ ಬಂದ, ಮತ್ತೆ ಸುರಿದ. ಮೂರನೆಯ ಸಲ ಖಾಲಿ ಬುಟ್ಟಿಯನ್ನು ನನ್ನ ತಲೆಯ ಮೇಲಿಟ್ಟು, "ನಡೀರಿ ಮಾಸ್ತರ, ಸುಳ್ಳಿನ ದಂಡ," ಎಂದ. ಬುಟ್ಟಿ ಹೊತ್ತು ನಾನು ಎರಡು ಸಲ ಮರಳಲ್ಲಿ ಬಿದ್ದೆ. ಎರಡನೆಯ ಸಲ ಇಡೀ ಹೊಳೆ ನಕ್ಕಿತು, ಆಮೇಲೆ ನನಗೂ ನಗು ಬಂತು. ಕತ್ತಲಾಗುವ ಮೊದಲು ಬಾಲದ ಗುಣಿಗಳೆಲ್ಲ ತುಂಬಿದವು. ಆಜಿ ಸೊಂಟದ ಗಂಟು ಬಿಚ್ಚಿ ಬೀಜಗಳನ್ನು ಊರಿದಳು.

ಪಾಲು ಎತ್ತಿದ ಪರದೇಶಿ ಆಮೇಲೆ ಎಲ್ಲ ಮನೆಗಳಲ್ಲೂ ಒಂದೊಂದು ತುತ್ತಾದರೂ ಉಣ್ಣಲೇಬೇಕು. ಅದೂ ಪದ್ಧತಿ. ಹದಿನಾಲ್ಕು ಮನೆ, ಹದಿನಾಲ್ಕು ನಮೂನೆಯ ಖಾರ. ನಮ್ಮ ಕಡೆ ಅತಿಥಿ ಸಾಕು ಎಂದರೆ ಒತ್ತಾಯ ಮಾಡುತ್ತಾರೆ. ಅಲ್ಲಿ ಸಾಕು ಎನ್ನುವ ಮಾತನ್ನು ಕೇಳಿಸಿಕೊಳ್ಳುವುದೇ ಇಲ್ಲ. ಆ ದಿನ ಹೊಟ್ಟೆಯೂ ತುಂಬಿತು, ಮನಸ್ಸೂ ತುಂಬಿತು.

ಭೋರ್

ಮರುದಿನ ಭೋರಿಗೆ ಹೋದೆ. ರಾಜವಾಡೆಯನ್ನು ಹೊರಗಿನಿಂದ ನೋಡಿದೆ. ಪೊಲೀಸರ ಪಗಡಿ ನಿಜವಾಗಿಯೂ ಬೇರೆ ಇತ್ತು. ಚೀಲ ಮೋಟಾರಿನ ಅಡ್ಡೆಯಲ್ಲಿ ಕ್ಷೇಮವಾಗಿತ್ತು, ಚಪಾತಿ ಮಾತ್ರ ಬಡಿಗೆಯಂತಾಗಿದ್ದವು. ಅರ್ಧ ತಾಸಿನಲ್ಲಿ ರಾಜಧಾನಿಯ ದರ್ಶನ ಮುಗಿಸಿ ಹಿಂತಿರುಗಿದೆ.

ಶಾಲೆಯಲ್ಲಿ ಹೆಡ್‌ಮಾಸ್ತರರು ಉಸಿರು ತೆಗೆದುಕೊಳ್ಳುವ ಹೊತ್ತು ನೋಡಿ ನನ್ನ ಕಥೆ ಹೇಳಿದೆ. ಎಲ್ಲರೂ ಕಿವಿಗೊಟ್ಟು ಕೇಳಿದರು. ಸುಳ್ಳು ಹೇಳಿದ್ದನ್ನು ಮಾತ್ರ ಅಲ್ಲಿ ಬಿಟ್ಟಿದ್ದೆ. ಅದನ್ನು ಮೊದಲ ಸಲ ಇಲ್ಲಿ ಬರೆಯುತ್ತಿದ್ದೇನೆ. ಚೈತ್ರದಲ್ಲಿ ಭಾವನ ಕಾಗದ ಬಂತು. ಮೋಟಾರಿನ ಡ್ರೈವರ್ ಒಂದು ಕಲ್ಲಂಗಡಿ ತಂದುಕೊಟ್ಟನಂತೆ, 'ಕಾನಡಿ ಮಾಸ್ತರರ ಮನೆಗೆ' ಎಂದು. ಗಾತ್ರ ಸಣ್ಣದು, ಆದರೆ ಇಂಥ ಸಿಹಿ ಮಂಡಿಯಲ್ಲಿ ಸಿಗುವುದಿಲ್ಲ ಎಂದು ಭಾವ ಬರೆದಿದ್ದರು.

ಮತ್ತೆ ಅದೇ ದಾರಿ

ಎರಡು ವರ್ಷದ ಮೇಲೆ, ಅದೇ ನಾತಾಳದ ಸೂಟಿಯಲ್ಲಿ, ಭಾವ ತಾವೂ ಭೋರ್ ನೋಡುತ್ತೇನೆಂದು ನನ್ನ ಜೊತೆಗೆ ಹೊರಟರು. ಹೊಳೆಯ ಹತ್ತಿರ ಬರುವಾಗ ದಾರಿಗೆ ಅಡ್ಡವಾಗಿ ಹತ್ತಾರು ಜನ ನಿಂತು ಮೋಟಾರು ತಡೆದರು. ಪಾಟೀಲ ಒಂದೊಂದೇ ಕಿಟಕಿಯಲ್ಲಿ ಇಣುಕುತ್ತ ಬಂದ. ನನ್ನನ್ನು ಕಂಡು ಕಣ್ಣು ಅರಳಿಸಿ, ಕೈ ಹಿಡಿದು ಅಲುಗಾಡಿಸಿ, ಆಮೇಲೆ ಹಿಂದಿರುಗಿ ಎಲ್ಲರಿಗೂ ಕೇಳುವಂತೆ ನಿರಾಶೆಯಿಂದ ಕೂಗಿದ:

"ಇವ್ರು ಉಪಯೋಗಿಲ್ರೋ! ಇವ್ರು ನಮ್ಮವ್ರು!"

ಪಕ್ಕದಲ್ಲಿದ್ದ ಭಾವ ನನ್ನನ್ನು ತಿವಿದರು.

"ಏನಿದು, ಯಾಕ ನಿಂದರಿಸ್ಯಾರ?"

"ನಾ ಇಲ್ಲಿಯವ ಅಂತ ಭಾವ. ಅವರಿಗೆ ಪರದೇಶದವರು ಬೇಕಾಗ್ಯಾರ. ಇಳೀರಿ."

ಭಾವನನ್ನು ಮೆರವಣಿಗೆಯಲ್ಲಿ ಹೊಳೆಗೆ ಕರೆದೊಯ್ದರು. ಉಪ್ಪು ತಿಂದಿಲ್ಲವೆಂದು ಅವರು ಎರಡೂ ಕೈ ಎತ್ತಿ ಹೇಳಿದರು, ಅದು ನಿಜವೂ ಆಗಿತ್ತು. ನಾನು ಭಾಗೂ ಆಜಿಯ ಪಕ್ಕದಲ್ಲಿ ಮರಳ ಮೇಲೆ ಕೂತೆ. ಅವಳು ಸೆರಗಿನಿಂದ ಭಾಕರಿ ತೆಗೆದು ಮುರಿದು ಅರ್ಧ ನನಗೆ ಕೊಟ್ಟಳು. ಹಸಿದ ಭಾವ ಮಡಕೆಗೆ ಕೈ ಹಾಕುವ ಮೊದಲು ನನ್ನನ್ನು ಕೆಕ್ಕರಿಸಿ ನೋಡಿದರು.

ನಾನು ಹಿತ್ತಾಳೆ ಟೊಪ್ಪಿಗೆಗಾಗಿ ಕಾಯುತ್ತಿದ್ದೆ. ಮೊದಲ ಗೂಟಕ್ಕೆ ಒಂದು ಕವಡೆ ಬಂತು, ಎರಡನೆಯದಕ್ಕೆ ನೇಗಿಲ ಕುಳದ ಮೊಳೆ, ಮೂರನೆಯದಕ್ಕೆ ಒಡೆದ ಬಳೆಯ ಚೂರು. ಆ ಚೂರು ಕಂಡೊಡನೆ ಆಜಿ ಎದ್ದು, "ನಂದು!" ಎಂದು ಚಪ್ಪಾಳೆ ತಟ್ಟಿದಳು.

"ನಿಮ್ಮ ಟೊಪ್ಪಿಗೆ ಎಲ್ಲಿ ಆಜಿ? ಕಳೆಯಿತೇ?" ಎಂದು ಕೇಳಿದೆ.

ಅವಳು ದಂಡೆಯ ಕಡೆ ಕೈ ಮಾಡಿದಳು. ಗುಡಿಸಲ ಮುಂದೆ ಒಂದು ಎಳೆಯ ಎತ್ತು ಕಟ್ಟಿತ್ತು. ಅದು ನೊಣ ಓಡಿಸಲು ತಲೆ ಕೊಡವಿದಾಗಲೆಲ್ಲ ಬಲಗೊಂಬಿನ ತುದಿಯಲ್ಲಿ ಹಿತ್ತಾಳೆ ಬಿಸಿಲಿಗೆ ಹೊಳೆಯುತ್ತಿತ್ತು.

"ಆ ಬಾಲದ ಹಣ್ಣಿನಿಂದನ ಬಂತು, ಮಾಸ್ತರ," ಎಂದಳು. ಆಮೇಲೆ ಸೊಂಟದ ಗಂಟನ್ನು ಕೈಯಿಂದ ಮುಟ್ಟಿ ನೋಡಿಕೊಂಡು, ಮೂರನೆಯ ಗೂಟದ ಕಡೆಗೆ ಸರಸರನೆ ಇಳಿದುಹೋದಳು.